ಕುಗ್ಗಿಸಿದರೆ ಅಂಚು ಸಮವಾಗದು

ಸನ್ಮಾನ ಪತ್ರ, ಲಗ್ನಪತ್ರಿಕೆ, ಅಂಗಡಿಯ ನಾಮಫಲಕ, ಯೂಟ್ಯೂಬ್ ಥಂಬ್‌ನೇಲ್... ಇಂಥವುಗಳಲ್ಲಿ ಹೊರಚೌಕಟ್ಟಿನ ಒಳಗೆ ಇನ್ನೊಂದು ಗೆರೆ ಓಡಿಸುವ ವಾಡಿಕೆಯಿದೆ. ಎರಡರ ನಡುವಿನ ಅಂತರ ಎಲ್ಲ ಕಡೆಯೂ ಒಂದೇ ಇದ್ದರೆ ಯಾರೂ ಅದನ್ನು ಗಮನಿಸುವುದಿಲ್ಲ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದರೆ ಮಾತ್ರ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಊರೂರಿನ ಮುದ್ರಣದಲ್ಲಿ ಈ ಏರುಪೇರಿನ ಅಂಚು ಮತ್ತೆ ಮತ್ತೆ ಕಾಣುತ್ತದೆ. ಇದಕ್ಕೆ ಡಿಟಿಪಿ ಹುಡುಗರ ಉದಾಸೀನವನ್ನು ದೂರುವುದು ಅನ್ಯಾಯ. ಅವರಿಗೆ ಕಲಿಸಿಕೊಟ್ಟ ವಿಧಾನವೇ ತಪ್ಪು.

ಆಕಾರವನ್ನು ಕಾಪಿ ಮಾಡು, ಅದರ ಮೇಲೇ ಪೇಸ್ಟ್ ಮಾಡು, ಶೇ 90ಕ್ಕೆ ಕುಗ್ಗಿಸು, ನಡುವಿಗೆ ಕೂರಿಸು. ವಿಧಾನ ಇಷ್ಟೇ. ಚೌಕಕ್ಕೂ ವೃತ್ತಕ್ಕೂ ಇದು ಸರಿಯಾಗಿಯೇ ಬರುತ್ತದೆ, ಹಾಗಾಗಿ ಎಲ್ಲದಕ್ಕೂ ಬರುತ್ತದೆಂಬ ನಂಬಿಕೆ ಬೇರೂರಿದೆ. 1000 ಪಿಕ್ಸೆಲ್ ಅಗಲ, 500 ಪಿಕ್ಸೆಲ್ ಎತ್ತರದ ಆಯತಕ್ಕೆ ಇದನ್ನೇ ಮಾಡಿದರೆ ಎಡಬಲದಲ್ಲಿ 50 ಪಿಕ್ಸೆಲ್ ಅಂತರ ಸಿಗುತ್ತದೆ. ಮೇಲೆ ಕೆಳಗೆ ಬರೀ 25. ತ್ರಿಭುಜದ್ದು ಇನ್ನೂ ಸ್ವಾರಸ್ಯ. ಅಂತರ್ವೃತ್ತದ ಕೇಂದ್ರವನ್ನು ಹಿಡಿದು ಕುಗ್ಗಿಸಿದರೆ ಯಾವ ತ್ರಿಭುಜಕ್ಕಾದರೂ ಮೂರೂ ಬದಿಗೆ ಸಮ ಅಂಚು ಬರುತ್ತದೆ. ಆದರೆ ಸಾಫ್ಟ್‌ವೇರ್ ಸಾಮಾನ್ಯವಾಗಿ ಹಿಡಿಯುವುದು ತ್ರಿಭುಜವನ್ನು ಸುತ್ತುವರಿದ ಆಯತದ ನಡುಬಿಂದುವನ್ನು. ಸಮಬಾಹು ತ್ರಿಭುಜದಲ್ಲಿ ಹೀಗೆ ಮಾಡಿದಾಗ ತಳದ ಅಂಚು ಉಳಿದೆರಡು ಬದಿಗಳ ಅಂಚಿಗಿಂತ ಎರಡು ಪಟ್ಟು ದಪ್ಪವಾಗುತ್ತದೆ.

ರವಿಕೆಯ ಕೊರಳು ಕತ್ತರಿಸುವ ದರ್ಜಿ ಇಡೀ ರವಿಕೆಯ ಅಳತೆಯನ್ನು ಕುಗ್ಗಿಸಿ ಹೊಲಿಗೆಯ ಗೆರೆ ಎಳೆಯುವುದಿಲ್ಲ. ತಿರುವಿನುದ್ದಕ್ಕೂ ಟೇಪು ಹಿಡಿದು, ಬಟ್ಟೆಯ ಅಂಚಿನಿಂದ ಅಷ್ಟಷ್ಟೇ ದೂರಕ್ಕೆ ಗುರುತು ಹಾಕುತ್ತಾ ಹೋಗುತ್ತಾನೆ. ಸಮ ಅಂಚಿಗೆ ಬೇಕಾದದ್ದು ಈ ಲೆಕ್ಕವೇ: ಅಂಚಿನ ಪ್ರತಿ ಬಿಂದುವಿನಿಂದ ಲಂಬವಾಗಿ ಒಳಕ್ಕೆ ಒಂದೇ ಅಳತೆ.

ಇದಕ್ಕೆ ಬೇಕಾದ ಸಲಕರಣೆ ಎಲ್ಲರ ಕಂಪ್ಯೂಟರಿನಲ್ಲೂ ಇದೆ. ಕೋರೆಲ್‌ಡ್ರಾದಲ್ಲಿ ಕಾಂಟೂರ್, ಇಲ್ಲಸ್ಟ್ರೇಟರ್‌ನಲ್ಲಿ ಆಫ್‌ಸೆಟ್ ಪಾತ್‌ಗೆ ಮೈನಸ್ ಸಂಖ್ಯೆ, ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಇನ್‌ಸೆಟ್. ಫೋಟೋಶಾಪ್‌ನಲ್ಲಿ ಸೆಲೆಕ್ಷನ್ ಮಾಡಿ ಕಾಂಟ್ರ್ಯಾಕ್ಟ್, ಗಿಂಪ್‌ನಲ್ಲಿ ಶ್ರಿಂಕ್. ಪಿಕ್ಸೆಲ್ ಚಿತ್ರವನ್ನು ಹೀಗೆ ಅಂಚಿನಿಂದ ಸವೆಸುತ್ತಾ ಬರುವ ಕ್ರಿಯೆಗೆ ಗಣಿತದಲ್ಲಿ ಎರೋಷನ್ ಎನ್ನುತ್ತಾರೆ. ಈ ಗಣಿತಕ್ಕೆ ಅಡಿಪಾಯ ಬಿದ್ದದ್ದು 1964ರಲ್ಲಿ, ಫ್ರಾನ್ಸಿನಲ್ಲಿ. ಪ್ಯಾರಿಸ್ಸಿನ ಗಣಿ ಶಾಲೆಯ ಜಾರ್ಜ್ ಮಾಥೆರಾನ್ ಮತ್ತು ಜಾನ್ ಸೆರಾ ಕಬ್ಬಿಣದ ಅದಿರಿನ ಒಳರಚನೆ ಅಳೆಯಲು ಹೊರಟಾಗ ಅದು ರೂಪುಗೊಂಡಿತು.

ಆದರೂ ಬಟನ್ ಒತ್ತಿದರೆ ಸಾಕು ಎಂದುಕೊಳ್ಳುವಂತಿಲ್ಲ. ನವೆಂಬರ್ 1 ಹತ್ತಿರವಾದಾಗ ತಯಾರಾಗುವ ಕರ್ನಾಟಕದ ನಕ್ಷೆಯನ್ನೇ ನೋಡಬಹುದು. ಹಳದಿ ನಕ್ಷೆಯೊಳಗೆ ಕೆಂಪು ಅಂಚು ಬೇಕು. ಕುಗ್ಗಿಸಿದ ಪ್ರತಿಯನ್ನು ನಡುವಿಗಿಟ್ಟರೆ ಗಡಿ ಒಳಬಾಗಿದ ಕಡೆ ಎರಡು ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಒಮ್ಮೊಮ್ಮೆ ಒಳಗೆರೆ ಹೊರಗೆರೆಯನ್ನೇ ದಾಟಿಬಿಡುತ್ತದೆ. ಆಫ್‌ಸೆಟ್ ಮಾಡಿದರೆ ಆ ಕಾಟ ತಪ್ಪುತ್ತದೆ, ಆದರೆ ಇನ್ನೊಂದು ಎಚ್ಚರ ಬೇಕು. ಆಕಾರ ಎಲ್ಲಿ ಅಂಚಿನ ಅಳತೆಯ ಎರಡರಷ್ಟಕ್ಕಿಂತ ಕಿರಿದಾಗಿರುತ್ತದೋ ಅಲ್ಲಿ ಒಳಭಾಗ ಮಾಯವಾಗುತ್ತದೆ. ದಪ್ಪ ಅಂಚು ಕೊಟ್ಟರೆ ಉತ್ತರಕ್ಕೆ ಚಾಚಿಕೊಂಡ ಬೀದರ್ ಭಾಗ ಉಳಿದ ನಾಡಿನಿಂದ ಕಡಿದು ಬೇರೆಯಾಗಬಹುದು. ರಾಜ್ಯೋತ್ಸವದ ಬ್ಯಾನರಿನಲ್ಲಿ ಆಗಬಾರದ ತಪ್ಪು ಅದು.

ಮೂಲೆ ದುಂಡಗಿರುವ ಚೌಕಟ್ಟಿನಲ್ಲೂ ಲೆಕ್ಕವಿದೆ. ಹೊರಮೂಲೆಯ ತ್ರಿಜ್ಯ 24, ಅಂತರ 8 ಆದರೆ ಒಳಮೂಲೆಯ ತ್ರಿಜ್ಯ 16 ಇರಬೇಕು. ಒಳಗೂ 24 ಇಟ್ಟರೆ ಮೂಲೆಯಲ್ಲಿ ಅಂಚು ಉಬ್ಬಿ ಕಾಣುತ್ತದೆ. ಫೋಟೋಶಾಪ್‌ನಲ್ಲಿ ಆಕಾರ ಕ್ಯಾನ್ವಾಸಿನ ತುದಿಗೆ ತಾಗಿದ್ದರೆ ಕಾಂಟ್ರ್ಯಾಕ್ಟ್ ಆ ಬದಿಯನ್ನು ಹಾಗೆಯೇ ಬಿಡುತ್ತದೆ. ಕ್ಯಾನ್ವಾಸ್ ಗಡಿಗೂ ಅನ್ವಯಿಸು ಎಂಬ ಆಯ್ಕೆಗೆ ಟಿಕ್ ಹಾಕಬೇಕು.

ಅಕ್ಷರಗಳ ವಿಷಯ ಬಂದಾಗ ಇದು ಬರೀ ಅಂದಚಂದದ ಮಾತಾಗಿ ಉಳಿಯುವುದಿಲ್ಲ. ವೆಕ್ಟರ್ ಸಾಫ್ಟ್‌ವೇರ್‌ಗಳಲ್ಲಿ ಔಟ್‌ಲೈನ್ ಸಾಮಾನ್ಯವಾಗಿ ಅಂಚಿನ ಮೇಲೆ ಅರ್ಧ ಒಳಗೆ, ಅರ್ಧ ಹೊರಗೆ ಕೂರುತ್ತದೆ. 10 ಪಾಯಿಂಟ್ ಗೆರೆ ಕೊಟ್ಟರೆ ಅಕ್ಷರದ ಮೈ ಎರಡೂ ಬದಿಯಿಂದ ಐದೈದು ಪಾಯಿಂಟ್ ಸವೆಯುತ್ತದೆ. ದಪ್ಪ ಅಕ್ಷರ ಅದನ್ನು ತಾಳಿಕೊಳ್ಳುತ್ತದೆ, ಅದರ ಕೆಳಗಿನ ಸಣ್ಣ ಒತ್ತಕ್ಷರ ತಾಳುವುದಿಲ್ಲ. ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿದೆ. ಹೋರಾಡಿ ಪಡೆದ ಆ ಜಾಗದಲ್ಲಿ ಒತ್ತಕ್ಷರಗಳೇ ಓದಲಾಗದಂತಿದ್ದರೆ ಅದು ಭಾಷೆಗೆ ಮಾಡಿದ ಅನ್ಯಾಯ. ಅಕ್ಷರದ ಮೈಗೆ ಒಳಅಂಚು ಕೊಡದೆ, ಔಟ್‌ಲೈನನ್ನು ಅಕ್ಷರದ ಹಿಂದಕ್ಕೆ ಸರಿಸಿ ಹೊರಗಷ್ಟೇ ಕಾಣುವಂತೆ ಮಾಡುವುದು ಸರಿಯಾದ ದಾರಿ.

ಎಸ್ಸೆಸ್ಸೆಲ್ಸಿ ಮುಗಿಸಿ ಡಿಟಿಪಿ ಕಲಿಯಲು ಬರುವ ಹುಡುಗ ಹುಡುಗಿಯರು ಸಮರೂಪ ತ್ರಿಭುಜಗಳನ್ನು ಓದಿಕೊಂಡೇ ಬಂದಿರುತ್ತಾರೆ. ಕುಗ್ಗಿಸುವುದಕ್ಕೂ ಒಳಸರಿಸುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಒಂದು ಗಂಟೆಯಲ್ಲಿ ಅರ್ಥವಾಗುತ್ತದೆ. ತರಬೇತಿ ಕೇಂದ್ರಗಳು ಮೊದಲ ವಾರದಲ್ಲೇ ಒಂದು ಆಯತ, ಒಂದು ತ್ರಿಭುಜ ಮತ್ತು ಕರ್ನಾಟಕದ ನಕ್ಷೆ ಕೊಟ್ಟು, ಮೂರಕ್ಕೂ ಸಮ ಅಂಚು ಹಾಕಿಸಿ, ಅಂತರವನ್ನು ಅಳೆದು ತೋರಿಸುವಂತೆ ಕೇಳಬೇಕು.