ಫೋಟೋ ಡಬ್ಬಿ ಸತ್ತಿಲ್ಲ, ಅದರ ಅಡಾಪ್ಟರ್ ಸತ್ತದ

ಕುಕ್ಕರಿಂದು ಒಂದು ಗ್ಯಾಸ್ಕೆಟ್ ಹೆಚ್ಚಿಂದು ನಮ್ಮೆಲ್ಲರ ಮನ್ಯಾಗೂ ಇರತದ. ಮಿಕ್ಸರಿನ ಕಪ್ಲರ್ ಸವೀತದ ಅಂತ ಅದೂ ಒಂದು ಡ್ರಾವರಿನ್ಯಾಗ ಬಿದ್ದಿರತದ. ಫ್ಯೂಜಿನ ತಂತಿ, ಟ್ಯಾಪಿನ ವಾಶರ್, ಗ್ಯಾಸಿನ ಲೈಟರ್ ಎಲ್ಲಾ ಎರಡೆರಡು. ಆದ್ರ ಮೂವತ್ತು ವರ್ಷದ ಫೋಟೋ, ಮದವಿ ಕ್ಯಾಸೆಟ್ಟು, ಮುಂಜಿವಿ ವಿಡಿಯೋ ಎಲ್ಲಾ ತುಂಬಿಟ್ಟ ನ್ಯಾಸ್ ಡಬ್ಬಿಗೆ ಎರಡನೇ ಅಡಾಪ್ಟರ್ ತಂದಿಟ್ಟ ಮನಿ ನಾ ಅಂತೂ ನೋಡಿಲ್ಲ. ನನ್ನ ಮಾತು ಇಷ್ಟ: ಡಬ್ಬಿ ತಗೊಂಡ ದಿನಾನ ಅಡಾಪ್ಟರ್ ಇನ್ನೊಂದು ತರಬೇಕು, ಮತ್ತ ಅದು ಯಾವುದು ಅನ್ನೂದು ಮನಿ ಹೆಣ್ಣಮಕ್ಕಳಿಗೆ ಗೊತ್ತಿರಬೇಕು.

ನ್ಯಾಸ್ ಅಂದ್ರ ಏನಂತ ಕೇಳಿದ ಕಾಕುಗಳಿಗೆ ಹೇಳ್ತೀನಿ. ಟಿವಿ ಶೋಕೇಸಿನ ಹಿಂದ, ಇಂಟರ್‌ನೆಟ್ಟಿನ ರೌಟರ್ ಬಾಜೂಕ ಒಂದು ಕರೀ ಡಬ್ಬಿ ಗುಂಯ್ ಅಂತಿರತದಲ್ಲ, ಎರಡು ಹಸರ ಲೈಟ್ ಮಿಣಮಿಣ ಅಂತಾವಲ್ಲ, ಅದ. ಅದರೊಳಗ ಎರಡು ಹಾರ್ಡ್ ಡಿಸ್ಕ್ ಇರತಾವ. ಎಲ್ಲಾರ ಫೋನಿನ ಫೋಟೋ ರಾತ್ರಿ ತಾವ ಹೋಗಿ ಅದರಾಗ ಕೂಡತಾವ. ಮಗಾನೋ ಅಳಿಯಾನೋ ತಂದು ಜೋಡಿಸಿ, ಪಾಸ್‌ವರ್ಡ್ ತನ್ನ ತಲ್ಯಾಗ ಇಟಗೊಂಡು ಪುಣೆಕ್ಕೋ ಬೆಂಗಳೂರಿಗೋ ಹೋಗಿಬಿಡ್ತಾನ. ನಮ್ಮ ಪಾಲಿಗೆ ಅದನ್ನ ಒರಸೂ ಕೆಲಸ.

ಆ ಡಬ್ಬಿಗೆ ಗ್ವಾಡಿ ಪ್ಲಗ್ಗಿನಿಂದ ಬರೂ 230 ವೋಲ್ಟ್ ನೆಟ್ಟಗ ಹೋಗೂದಿಲ್ಲ. ನಡುವ ಒಂದು ಇಟ್ಟಂಗಿ ಅಂಥಾ ಅಡಾಪ್ಟರ್ ಕೂತು ಅದನ್ನ 12 ವೋಲ್ಟ್ ಮಾಡಿ ಕೊಡತದ. ಹೊಡತ ತಿನ್ನೂದೆಲ್ಲ ಅದ. ಅಡ್ಡಮಳಿ ಬಂದಾಗ ನಮ್ಮ ಕಡೆ ಲೈಟ್ ಹೆಂಗ ಹೋಗಿ ಬರತಾವ ಅಂತ ನಿಮಗ ಹೇಳೂದೇನದ. ಐದ ನಿಮಿಷದಾಗ ಆರ ಸಲ. ಕಂಬದ ಮ್ಯಾಲ ನ್ಯೂಟ್ರಲ್ ತಂತಿ ಕಡದ್ರಂತೂ 230 ಇರಬೇಕಾದ್ದು 400ರ ಹತ್ರ ಹೋಗಬಹುದು. ಅದು ಬ್ಯಾಡ, ಬರೇ ಶೆಖಿ ಸಾಕು. ಅಡಾಪ್ಟರಿನೊಳಗ ಕೆಪ್ಯಾಸಿಟರ್ ಅಂತ ಸಣ್ಣ ಸಣ್ಣ ಡಬ್ಬಿ ಇರತಾವ, ಅವುಗಳ ಒಳಗಿನ ರಸ ಕಾವಿಗೆ ಒಣಗತದ. 10 ಡಿಗ್ರಿ ಕಾವು ಹೆಚ್ಚಾದ್ರ ಆಯುಷ್ಯ ಸುಮಾರು ಅರ್ಧ ಆಗತದ ಅನ್ನೂದು ಎಲೆಕ್ಟ್ರಾನಿಕ್ಸ್ ಮಂದಿ ಹಿಡದು ನಡಿಯೂ ಲೆಕ್ಕ. ನಾವು ಅದನ್ನ ಕಣ್ಣಿಗೆ ಕಾಣಬಾರದು ಅಂತ ಶೋಕೇಸಿನ ಹಿಂದ ತುರಕಿ, ಮ್ಯಾಲೊಂದು ಕ್ರೋಶಾದ ಹೊದಿಕಿ ಬ್ಯಾರೆ ಹಾಕಿರ್ತೀವಿ!

ನಮ್ಮ ನಾದಿನಿ ಮನ್ಯಾಗ ಹ್ವಾದ ಬ್ಯಾಸಗ್ಯಾಗ ಹಿಂಗಾತು. ಒಂದು ರಾತ್ರಿ ಲೈಟ್ ಹೋಗಿ ಬಂದ್ವು, ಡಬ್ಬಿ ಏಳಲಿಲ್ಲ. ಅದರಾಗ ನಮ್ಮ ಅತ್ತಿಯವರ ದನಿ ಇತ್ತು. ಕಡೀ ಎರಡು ವರ್ಷ ಅವರು ಕೂತಲ್ಲೇ ಹಾಡಿದ ಆರತಿ ಹಾಡು, ಶೋಭಾನದ ಹಾಡು ಎಲ್ಲಾ ಅಕಿ ಫೋನಿನ್ಯಾಗ ರೆಕಾರ್ಡ್ ಮಾಡಿ ಅಲ್ಲಿ ಇಟ್ಟಿದ್ಲು. ಫೋನ್ ಬದಲಿ ಮಾಡಿದ್ಲು, ಹಳೇದು ಎಕ್ಸ್‌ಚೇಂಜಿಗೆ ಹೋತು. ಅಂದ್ರ ಇದ್ದದ್ದು ಆ ಒಂದ ಡಬ್ಬ್ಯಾಗ. ಅಕಿ ಡಬ್ಬಿಯೊಂದನ್ನ ಹಿಡಕೊಂಡು ಅಂಗಡಿಗೆ ಹೋದ್ಲು. ಅಂವ ತನ್ನ ಕಡೆ ಇದ್ದ ಯಾವುದೋ ಅಡಾಪ್ಟರ್ ಹಚ್ಚಿದ. ಲೈಟ್ ಹತ್ತು, ಒಳಗ ಟಿಕ್ ಅಂತು, ಬಂದ್ ಆತು. ಮತ್ತ ಹಂಗ ಆತು. "ಬೋರ್ಡ್ ಹೋಗೇದ ಮೇಡಂ. ಹೊಸಾದು ತಗೋರಿ. ಒಳಗಿಂದು ತಗಿಯೂದಾದ್ರ 30 ಸಾವಿರ, ಗ್ಯಾರಂಟಿ ಇಲ್ಲ" ಅಂದ. ಅಕಿ ಬಸ್ಸಿನ್ಯಾಗ ಅಳಕೋತ ಮನಿಗೆ ಬಂದ್ಲು.

ಮರುದಿನ ಕಸಾ ಹೊಡಿಯೂ ಮುಂದ ಅಕಿ ಕೈ ಆ ಇಟ್ಟಂಗಿಗೆ ತಾಗೇದ. ದಿನಾ ಒರಸೂ ಕೈ, ಅದು ಯಾವತ್ತೂ ಬೆಚ್ಚಗ ಇರತದ ಅಂತ ಕೈಗೆ ಗೊತ್ತು. ಪ್ಲಗ್ಗಿನ್ಯಾಗ ಇದ್ದೂ ಅವತ್ತ ತಣ್ಣಗಿತ್ತು! ಫೋನ್ ಮಾಡಿ ನನಗ ಹೇಳಿದ್ಲು. ಅದರ ಮ್ಯಾಲ ಏನು ಬರದದ ಓದು ಅಂದೆ. 12 ವೋಲ್ಟ್, 5 ಆಂಪಿಯರ್. ಅಂಗಡ್ಯಾಂವ ಹಚ್ಚಿದ್ದು ರೌಟರಿನ ಅಡಾಪ್ಟರ್ ಇದ್ದಿರಬೇಕು. ಅದರಾಗೂ 12 ಅಂತ ಬರದಿರತದ, ಆದ್ರ ಆಂಪಿಯರ್ ಒಂದೋ ಒಂದೂವರೆನೋ ಇರತದ.

ಇಲ್ಲೆ ಸ್ವಲ್ಪ ನಿಂದ್ರಬೇಕು, ಯಾಕಂದ್ರ ಭಾಳ ಮಂದಿ ಮೋಸ ಹೋಗೂದು ಇಲ್ಲೆ. ಬೋರಿನ ಮೋಟರ್ ಚಾಲೂ ಮಾಡಿದ ಕೂಡ್ಲೆ ಮನ್ಯಾಗಿನ ಲೈಟ್ ಒಂದು ಕ್ಷಣ ಮಂಕ ಆಗತಾವಲ್ಲ, ಹಾರ್ಡ್ ಡಿಸ್ಕೂ ಹಂಗ. ತಿರಗಾಕ ಸುರು ಮಾಡೂ ಮುಂದ ಒಂದೊಂದು ದೊಡ್ಡ ಡಿಸ್ಕ್ ಸುಮಾರು 2 ಆಂಪಿಯರ್ ಎಳೀತದ, ತಿರಗಿದ ಮ್ಯಾಲ ಅದರ ಕಾಲು ಭಾಗನೂ ಸಾಕು. ಎರಡು ಡಿಸ್ಕಿಗೆ 4 ಆತು. ಅದಕ್ಕ 5 ಆಂಪಿಯರ್ ಅಡಾಪ್ಟರ್ ಕೊಟ್ಟಿರತಾರ. ಸಣ್ಣದು ಹಚ್ಚಿದ್ರ, ಇಲ್ಲಾ ಇದ್ದದ್ದ ಮುದುಕ ಆಗಿದ್ರ, ಲೈಟ್ ಹತ್ತತದ, ಡಿಸ್ಕ್ ಟಿಕ್ ಅಂತಾವ, ಡಬ್ಬಿ ಮಕಾಡಿ ಬೀಳತದ. ಮೀಟರ್ ಹಚ್ಚಿ ನೋಡಿದ್ರೂ 12 ತೋರಸತದ, ಯಾಕಂದ್ರ ಖಾಲಿ ಕೂತಾಗ ಅದು ಛಲೋನ ಇರತದ. ಭಾರ ಬಿದ್ದಾಗ ಕುಸೀತದ.

ಮನ್ಯಾಗ ನೋಡೂದು ಹೆಂಗಂದ್ರ, ಮೊದಲ ಬ್ಯಾರೆ ಪ್ಲಗ್ಗಿಗೆ ಹಚ್ಚಿ ನೋಡ್ರಿ. ಆಗಲಿಲ್ಲ ಅಂದ್ರ ವಾಯರ್ ಪೂರ್ತಿ ತಗದು, ಎರಡು ಡಿಸ್ಕಿನ ಮ್ಯಾಲ ಒಂದು, ಎರಡು ಅಂತ ಚೀಟಿ ಹಚ್ಚಿ, ಹೊರಗ ಎಳದು ಮೆತ್ತನ್ನ ಬಟ್ಟಿ ಮ್ಯಾಲ ಇಡ್ರಿ. ಆಮ್ಯಾಲ ಖಾಲಿ ಡಬ್ಬಿ ಚಾಲೂ ಮಾಡ್ರಿ. ಖಾಲಿ ಇದ್ದಾಗ ಗಟ್ಟಿ ನಿಂತು, ಡಿಸ್ಕ್ ಹಾಕಿದಾಗ ಬಿದ್ರ ಸಂಶಯ ಅಡಾಪ್ಟರಿನ ಮ್ಯಾಲ. ಡಿಸ್ಕನ್ನ ಲ್ಯಾಪ್‌ಟಾಪಿಗೆ ಹಚ್ಚೂ ಹುಡುಗರು ಇರತಾರ, ಅವರ ಮ್ಯಾಲ ಕಣ್ಣಿರಲಿ. ಆ ಡಿಸ್ಕಿನ ಬರವಣಿಗಿ ವಿಂಡೋಸಿಗೆ ತಿಳಿಯೂದಿಲ್ಲ. "ಫಾರ್ಮ್ಯಾಟ್ ಮಾಡಲ್ಯಾ?" ಅಂತ ಕೇಳತದ. ಹೂಂ ಅಂದ್ರ ಮುಗೀತು.

ಎಲ್ಲಾ ಸಲಾನೂ ಅಡಾಪ್ಟರೇ ಅಂತ ನಾ ಅನ್ನೂದಿಲ್ಲ. 2017ರಾಗ ಇಂಟೆಲ್‌ನ ಆಟಮ್ ಸಿ2000 ಚಿಪ್ಪಿನ್ಯಾಗ ದೋಷ ಅದ ಅಂತ ಹೊರಗ ಬಂತು. ಅದನ್ನ ಹಾಕಿದ ಹಲವು ಕಂಪನಿ ಡಬ್ಬಿಗಳು ಒಂದೆರಡು ವರ್ಷ ಛಲೋ ನಡದು ಒಮ್ಮೆಲೆ ಏಳೂದ ಬಿಟ್ಟಿದ್ವು. ಅಂಥಾದ್ದಕ್ಕ ಹೊಸಾ ಅಡಾಪ್ಟರ್ ಏನೂ ಮಾಡೂದಿಲ್ಲ. ಆದ್ರ ಎರಡು ಸಾವಿರದ ಒಳಗಿನ ಸಾಮಾನು ನೋಡಲಾರದ 30 ಸಾವಿರದ ಮಾತು ಆಡಬಾರದು ಅಷ್ಟ.

ತರೂ ಮುಂದ ಹಳೇದರ ಫೋಟೋ ಫೋನಿನ್ಯಾಗ ತಗೊಂಡು ಹೋಗ್ರಿ. ವೋಲ್ಟ್ ತಂತಾನ ಅದ ಇರಬೇಕು, ಆಂಪಿಯರ್ ಅಷ್ಟ ಅಥವಾ ಹೆಚ್ಚಿರಬೇಕು. ಹೆಚ್ಚಾದ್ರ ಏನೂ ಆಗೂದಿಲ್ಲ, ಡಬ್ಬಿ ತನಗ ಬೇಕಾದಷ್ಟ ತಗೋತದ. ಪಿನ್ನಿನ ಚಿತ್ರ ಇರತದ, ನಡುವ ಪ್ಲಸ್ಸೋ ಮೈನಸ್ಸೋ ಅಂತ ತಾಳಿ ನೋಡ್ರಿ. ಲ್ಯಾಪ್‌ಟಾಪಿನ ಚಾರ್ಜರ್ ಪಿನ್ ಕೂಡತು ಅಂತ ಹಚ್ಚಬ್ಯಾಡ್ರಿ, ಅದು 19 ವೋಲ್ಟಿನ ಆಸುಪಾಸು ಇರತದ. ಕೆಲವು ಡಬ್ಬಿಗೆ ನಾಲ್ಕು ಕಡ್ಡಿ ಪಿನ್ ಬರತದ, ಕೆಲವು ದೊಡ್ಡವಕ್ಕ ಪವರ್ ಸಪ್ಲೈ ಹೊಟ್ಟ್ಯಾಗ ಇರತದ. ಅವನ್ನ ಕಂಪನಿ ಹೆಸರಿಲೆನ ಹುಡುಕಬೇಕು.

"ನಮ್ಮ ಮನ್ಯಾಗ ಇನ್ವರ್ಟರ್ ಅದ, ನಮಗೇನು" ಅಂತೀರಿ. ಇನ್ವರ್ಟರಿನ ಹಿಂದ ಒಂದು ಸ್ವಿಚ್ ಇರತದ, ಯುಪಿಎಸ್ ಮೋಡ್ ಅಂತ. ಅದು ಹಾಕಿರದಿದ್ರ ಲೈಟ್ ಹೋಗಿ ಬ್ಯಾಟರಿ ಹಿಡಿಯೂದರಾಗ ಡಬ್ಬಿ ಒಮ್ಮೆ ಸತ್ತು ಹುಟ್ಟಿರತದ. ಫ್ಯಾನಿಗೆ ಅದು ಗೊತ್ತಾಗೂದಿಲ್ಲ. ಡಿಸ್ಕ್ ಏನರೆ ಬರಿಯೂ ಮುಂದ ಹಿಂಗಾದ್ರ ಹಪ್ಪಳ ಒಣಾ ಹಾಕೂ ಮುಂದ ಮಳಿ ಬಂದಂಗ, ಅರ್ಧ ಹಾಳು. ನನ್ನ ಕೇಳಿದ್ರ ಡಬ್ಬಿಗೇ ಅಂತ ಒಂದು ಸಣ್ಣ ಯುಪಿಎಸ್ ಛಲೋ. ಅದರಿಂದ ಒಂದು ಯುಎಸ್‌ಬಿ ವಾಯರ್ ಡಬ್ಬಿಗೆ ಹೋಗುವಂಥಾದ್ದು ತಗೋರಿ, ಲೈಟ್ ಹೋಗಿ ಹೊತ್ತಾದ್ರ ಡಬ್ಬಿ ತಾನ ಸಮಾಧಾನದಿಂದ ಮಲಗತದ. ಲೈಟ್ ಬಂದ ಕೂಡ್ಲೆ ತಾನ ಏಳೂ ಸೆಟ್ಟಿಂಗ್ ಒಂದು ಇರತದ. ಮಳಿಗಾಲದಾಗ ನಮ್ಮ ಮನ್ಯಾಗ ಅದನ್ನ ಬಂದ್ ಇಡ್ತೀವಿ, ಲೈಟ್ ಗಟ್ಟಿ ನಿಂತ ಮ್ಯಾಲ ನಾನ ಗುಂಡಿ ಒತ್ತತೀನಿ.

ಇನ್ನ ನಮ್ಮ ಗಂಡಸರ ದೊಡ್ಡ ವಾದ: "ಎರಡು ಡಿಸ್ಕ್ ಅವ, ಒಂದು ಹೋದ್ರೂ ಇನ್ನೊಂದು ಅದ." ಖರೆ, ಆದ್ರ ಎರಡೂ ಉಣ್ಣೂದು ಒಂದ ಅಡಾಪ್ಟರಿನ ಕೈಲೆ. ಅದು ಸಾಯೂ ಮುಂದ ಹೆಚ್ಚಿನ ವೋಲ್ಟ್ ಒಳಗ ಬಿಟ್ರ ಎರಡೂ ಕೂಡೇ ಹೋಗಬಹುದು. ಮೂರನೇ ಪ್ರತಿ ಒಂದು ಬರೇ ಡಿಸ್ಕಿನ್ಯಾಗ ಹಾಕಿ, ಡಬ್ಬಿಗೆ ಹಚ್ಚಲಾರದ, ಬ್ಯಾರೆ ಮನ್ಯಾಗ ಇಡಬೇಕು. ನಂದು ತವರಮನಿ ತಿಜೂರ್ಯಾಗ ಅದ. ಪಂಚಮಿಗೆ ಹೋದಾಗೊಮ್ಮೆ, ದೀಪಾವಳಿಗೊಮ್ಮೆ ಬದಲಿ ಮಾಡ್ತೀನಿ. ಎಲ್ಲಾ ಕ್ಲೌಡಿಗೆ ಹಾಕ್ರಿ ಅನ್ನೂ ಮಂದಿ ಇದ್ದಾರ, ಹಾಕವರು ಹಾಕಲಿ. ರೊಕ್ಕ ಯಾರ ಕಾರ್ಡಿನಿಂದ ಹೋಗತದ, ಅಂವ ಒಂದು ತಿಂಗಳು ಮರತ್ರ ಏನು, ಅದನ್ನೂ ಕೇಳಿಕೋರಿ.

ನಾದಿನಿ ಸುದ್ದಿ ಅರ್ಧಕ್ಕ ಬಿಟ್ಟೆ. 12 ವೋಲ್ಟ್ 5 ಆಂಪಿಯರಿಂದು ಬ್ಯಾರೆ ಅಂಗಡ್ಯಾಗ ಸಿಕ್ತು. ಹಚ್ಚಿದ್ಲು, ಎದ್ದಿತು. ಡಿಸ್ಕ್ ತಪಾಸಣಿ ಅಂತ ಸಂಜಿತನಾ ಗುಂಯ್ ಅಂತಿತ್ತು. ಅಕಿ ಅದರ ಮುಂದ ಕುರ್ಚಿ ಹಾಕ್ಕೊಂಡು ಅವರೀಕಾಯಿ ಸುಲಕೋತ ಕೂತಿದ್ಲಂತ. ರಾತ್ರಿ ಅತ್ತಿಯವರ ಆರತಿ ಹಾಡು ನನ್ನ ವಾಟ್ಸಾಪಿಗೆ ಬಂತು.

ಈಗ ಅಕಿ ಮನ್ಯಾಗ ಡಬ್ಬಿ ಬೆನ್ನಿಗೆ ಬಿಳೀ ಟೇಪಿನ ಮ್ಯಾಲ ಕನ್ನಡದಾಗ ಬರದು ಹಚ್ಚ್ಯಾಳ: 12 ವೋಲ್ಟ್, 5 ಆಂಪಿಯರ್, ನಡುವ ಪ್ಲಸ್, ಹೊಸಾದು ಕಪಾಟಿನ ಕೆಳಗಿನ ಖಣದಾಗ ಅದ. ಪಾಸ್‌ವರ್ಡು ಹಾಡಿನ ಹೊತ್ತಿಗಿ ಕಡೀ ಪುಟದಾಗ. ಸತ್ತ ಅಡಾಪ್ಟರನ್ನ ಮತ್ತ ಡ್ರಾವರಿಗೆ ಹಾಕಬ್ಯಾಡ ಅಂದೀನಿ, ಆರ ತಿಂಗಳ ಮ್ಯಾಲ ಯಾವುದು ಸತ್ತದ್ದು ಯಾವುದು ಹೊಸಾದು ತಿಳಿಯೂದಿಲ್ಲ. ಬಿಚ್ಚಿ ನೋಡೂದೂ ಬ್ಯಾಡ, ಪ್ಲಗ್ ತಗದ ಮ್ಯಾಲೂ ಒಳಗಿನ ಕೆಪ್ಯಾಸಿಟರಿನ್ಯಾಗ ಕರೆಂಟ್ ಉಳದಿರಬಹುದು. ವಾಯರ್ ಕತ್ತರಿಸಿ ಇ-ಕಸದವರಿಗೆ ಕೊಡೂದು.