ಸಿಂಹಾಸನವಿಲ್ಲದ ಐತಿಹಾಸಿಕ ಕಾದಂಬರಿ



ಐತಿಹಾಸಿಕ ಕಾದಂಬರಿ ಎಂದೊಡನೆ ಕೋಟೆ, ಕತ್ತಿ, ಪಟ್ಟಾಭಿಷೇಕ ನೆನಪಾಗುವ ನನ್ನಂಥವರಿಗೆ ಇಸಬೆಲ್ ಮಿಲ್ಲರ್ ಅವರ ‘ಪೇಷನ್ಸ್ ಅಂಡ್ ಸಾರಾ’ ಬೇರೆಯದೇ ರುಚಿ ಹತ್ತಿಸುತ್ತದೆ. ಪುಸ್ತಕ ಚಿಕ್ಕದು. 1816ರ ಅಮೆರಿಕದ ಕನೆಕ್ಟಿಕಟ್. ಅಣ್ಣನ ಮನೆಯಲ್ಲಿದ್ದುಕೊಂಡು ಬೈಬಲ್ ಕಥೆಗಳ ಚಿತ್ರ ಬರೆಯುವ ಪೇಷನ್ಸ್. ಅಪ್ಪನ ಜೊತೆ ಕೊಡಲಿ ಹಿಡಿದು ದುಡಿಯುವ ಸಾರಾ. ಪರಸ್ಪರ ಪ್ರೀತಿಸುವ ಈ ಇಬ್ಬರು ಹೆಣ್ಣುಮಕ್ಕಳೂ ಸರದಿಯಂತೆ ತಮ್ಮ ಮಾತಿನಲ್ಲೇ ಕಥೆ ಹೇಳುತ್ತಾರೆ. ನಡುವೆ ಸಾರಾ ಕೂದಲು ಕತ್ತರಿಸಿ, ಗಂಡಸಿನ ಉಡುಪು ತೊಟ್ಟು, ಪುಸ್ತಕ ಮಾರುವ ಪಾದ್ರಿಯೊಬ್ಬನ ಬಂಡಿಯಲ್ಲಿ ಊರೂರು ಅಲೆಯುತ್ತಾಳೆ. ಓದು ಕಲಿಯುವುದೂ ಅಲ್ಲೇ. ಆ ಪುಟಗಳಂತೂ ಸೊಗಸು.

ಇದಕ್ಕೆ ನಿಜಜೀವನದ ಆಧಾರವಿದೆ. 1820ರ ಸುಮಾರಿಗೆ ನ್ಯೂಯಾರ್ಕ್‌ನ ಗ್ರೀನ್ ಕೌಂಟಿಯಲ್ಲಿ ಮೇರಿ ಆ್ಯನ್ ವಿಲ್ಸನ್ ಎಂಬ ಚಿತ್ರಗಾರ್ತಿ ಗೆಳತಿಯೊಂದಿಗೆ ನೆಲೆಸಿದ್ದಳು. ಹಣ್ಣಿನ ರಸ, ಇಟ್ಟಿಗೆ ಪುಡಿಗಳಿಂದ ಬಣ್ಣ ಮಾಡಿಕೊಳ್ಳುತ್ತಿದ್ದಳಂತೆ. ಲೇಖಕಿಯ ನಿಜನಾಮ ಆಲ್ಮಾ ರೌಟ್ಸಾಂಗ್. 1969ರಲ್ಲಿ ಕೈಯಿಂದಲೇ ಹಣ ಹಾಕಿ ಬೇರೆ ಶೀರ್ಷಿಕೆಯಲ್ಲಿ 1,000 ಪ್ರತಿ ಅಚ್ಚು ಹಾಕಿಸಿದರು. ದೊಡ್ಡ ಪ್ರಕಾಶಕರು ಬಂದದ್ದು ಆಮೇಲೆ. (ಪುಸ್ತಕ ಬರೆದವರಿಗೆ ಈ ಪಾಡು ಎಲ್ಲೆಡೆಯೂ ತಪ್ಪಿದ್ದಲ್ಲ!)

ಕೊನೆಯಲ್ಲಿ ಕಷ್ಟಗಳು ತುಸು ಬೇಗನೇ ಕರಗಿದವೆನಿಸಿತು. ಆದರೂ ಹೆಣ್ಣು-ಹೆಣ್ಣಿನ ಪ್ರೇಮದ ಇಂಥ ಕಥೆಗಳಲ್ಲಿ ಒಬ್ಬಳನ್ನಾದರೂ ಸಾಯಿಸಿಯೇ ತೀರುವ ಚಾಳಿಗಿಂತ ಇದೇ ವಾಸಿ. ಸಲಿಂಗಪ್ರೇಮದ ಕಥೆಗಳಿರುವ ವಸುಧೇಂದ್ರರ ‘ಮೋಹನಸ್ವಾಮಿ’ಯನ್ನು ಮೆಚ್ಚಿದ ಕನ್ನಡಿಗರು ಇದನ್ನೂ ಓದಿಯಾರು. ಇಂಥ ಕಿರುಕಾದಂಬರಿಗಳ ಅನುವಾದವನ್ನು ಪತ್ರಿಕೆ ಧಾರಾವಾಹಿಯಾಗಿ ಪ್ರಕಟಿಸಬಾರದೇಕೆ?

– ಒಬ್ಬ ಓದುಗ, ಶಿವಮೊಗ್ಗ