ಹಿತ್ತಲ ಗಿಡ: ವುಡ್ ಸ್ಟ್ರೀಟಿನ ಐದನೇ ನಂಬರು



ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮಗೆ ಚೆನ್ನಾಗಿ ಒಪ್ಪುತ್ತದೆ. ಊರಿನಿಂದ ನೆಂಟರು ಬಂದರೆ ಗೋಲ್ಡನ್ ಗೇಟ್ ಸೇತುವೆ ತೋರಿಸುತ್ತೇವೆ, ಲೊಂಬಾರ್ಡ್ ಬೀದಿಯ ತಿರುವುಗಳಲ್ಲಿ ಸುತ್ತಿಸುತ್ತೇವೆ. ಅದೇ ಸ್ಯಾನ್ ಫ್ರಾನ್ಸಿಸ್ಕೋದ 5, ವುಡ್ ಸ್ಟ್ರೀಟಿನಲ್ಲಿರುವ ಗದರ್ ಸ್ಮಾರಕಕ್ಕೆ ಕರೆದೊಯ್ದವರು ನಮ್ಮಲ್ಲಿ ಎಷ್ಟು ಮಂದಿ?

ಭಾರತದ ಸ್ವಾತಂತ್ರ್ಯಕ್ಕಾಗಿ ಗದರ್ ಪಕ್ಷ ಹುಟ್ಟಿದ್ದು 1913ರಲ್ಲಿ, ಅಮೆರಿಕದ ಈ ಪಶ್ಚಿಮ ತೀರದಲ್ಲೇ. ಆ ವರ್ಷದ ನವೆಂಬರ್ 1ರಂದು (ನಮಗೀಗ ಅದು ರಾಜ್ಯೋತ್ಸವದ ದಿನ) ಇಲ್ಲಿಂದ ಅದರ ಪತ್ರಿಕೆ ಉರ್ದುವಿನಲ್ಲಿ ಹೊರಬಿತ್ತು. ಬಳಿಕ ಗುರುಮುಖಿಯಲ್ಲೂ ಬಂತು. ಆ ಕೆಲಸಕ್ಕೆ ಟೊಂಕಕಟ್ಟಿ ನಿಂತವರಲ್ಲಿ ಒಬ್ಬ ಕರ್ತಾರ್ ಸಿಂಗ್ ಸರಾಭಾ. ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡವನು. ಓದಿ ಮುಂದೆ ಬರಲೆಂದು 1912ರಲ್ಲಿ ತಾತ ಇಲ್ಲಿಗೆ ಕಳುಹಿಸಿದ್ದರು. 1914ರಲ್ಲಿ ಮಹಾಯುದ್ಧ ಶುರುವಾದಾಗ ಹುಡುಗ ಓದು ಬಿಟ್ಟು ಸ್ವದೇಶಕ್ಕೆ ಮರಳಿದ. 1915ರ ನವೆಂಬರ್ 16ರಂದು ಲಾಹೋರಿನಲ್ಲಿ ಗಲ್ಲಿಗೇರಿದ ಏಳು ಮಂದಿಯಲ್ಲಿ ಅವನೂ ಒಬ್ಬ. ವಯಸ್ಸು 19. ನಮ್ಮ ಮಕ್ಕಳು ಕಾಲೇಜು ಸೇರಿ ಬಟ್ಟೆ ಒಗೆಯಲು ಮನೆಗೆ ತರುವ ವಯಸ್ಸು!

ಪಕ್ಷದ ಅಧ್ಯಕ್ಷರಾಗಿದ್ದ ಸೋಹನ್ ಸಿಂಗ್ ಭಕ್ನಾ ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದವರು. 1909ರಲ್ಲಿ ತಾಯಿಯನ್ನೂ ಹೆಂಡತಿಯನ್ನೂ ಊರಲ್ಲಿ ಬಿಟ್ಟು ಹಡಗು ಹತ್ತಿದ್ದರು. 1914ರಲ್ಲಿ ಮರಳಿದಾಗ ಕಲ್ಕತ್ತೆಯಲ್ಲೇ ಬಂಧನ. ಮರಣದಂಡನೆ ಜೀವಾವಧಿಗೆ ಇಳಿದು, ಅಂಡಮಾನ್ ಕಂಡು, ಬಿಡುಗಡೆಯಾದದ್ದು 1930ರಲ್ಲಿ. ಊರು ಬಿಟ್ಟು 21 ವರ್ಷ!

ಕನ್ನಡ ನಾಡಿನವರೂ ಹಿಂದೆ ಬೀಳಲಿಲ್ಲ. ಧಾರವಾಡ ಸೀಮೆಯ ಡಾ. ನಾ. ಸು. ಹರ್ಡೀಕರರು ಮಿಶಿಗನ್ನಿನಲ್ಲಿ ಓದಿದರು, ನ್ಯೂಯಾರ್ಕಿನಲ್ಲಿ ಲಾಲಾ ಲಜಪತರಾಯರ ಹೋಂರೂಲ್ ಲೀಗಿಗೆ ದುಡಿದರು. ಊರಿಗೆ ಮರಳಿ ವೈದ್ಯವೃತ್ತಿಯಲ್ಲಿ ಹಾಯಾಗಿ ಇರಬಹುದಿತ್ತು. ಬದಲಿಗೆ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿ ಜೈಲಿನ ಹಾದಿ ಹಿಡಿದರು.

ಇವರೆಲ್ಲ ನಮ್ಮ ಹಾಗೆಯೇ ಓದಲು, ನಾಲ್ಕು ಕಾಸು ಸಂಪಾದಿಸಲು ಬಂದವರು. ತ್ಯಾಗ ಎಂದೊಡನೆ ನಮ್ಮ ಕಣ್ಣಿಗೆ ನೇಣುಗಂಬ ಕಾಣುತ್ತದೆ. ಕಾದು ಕುಳಿತ ಆ ಹೆಂಡತಿ, ಮೊಮ್ಮಗನನ್ನು ಕಳುಹಿಸಿಕೊಟ್ಟ ಆ ತಾತ ಲೆಕ್ಕಕ್ಕೆ ಬರುವುದಿಲ್ಲ. ಅವರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಬೆಲೆ ಮಾತ್ರ ಅವರೂ ತೆತ್ತರು. ಊರಲ್ಲಿ ವಯಸ್ಸಾದ ತಂದೆತಾಯಿಯರನ್ನು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗಿನ ಸ್ಮಾರಕ ಕಟ್ಟಡ 1975ರಲ್ಲಿ ತೆರೆದದ್ದು. ಭಾರತದ ಕಾನ್ಸುಲೇಟಿನ ಉಸ್ತುವಾರಿಯಲ್ಲಿದೆ. ಬಾಗಿಲು ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಮಕ್ಕಳನ್ನು ಮರೆಯಬೇಡಿ.